ವೈದ್ಯ ಡೆನಿಸ್ ಬರ್ಕಿಟರ ಚರಿತ್ರೆ

ರೋಗಗಳಲ್ಲಿ ಕೆಲವು ತಮ್ಮ ಸ್ವಂತ ಮುಖವನ್ನು ತೋರಿಸಿಕೊಂಡೇ ಬರುತ್ತವೆ. ದಡಾರ ಎದ್ದ ಮಗುವನ್ನು ಕಂಡ ಕೂಡಲೇ ಹಳ್ಳಿಯ ಅಜ್ಜಿಯೂ ಅದರ ಹೆಸರನ್ನು ಹೇಳಬಲ್ಲಳು. ಬೇರೆ ಕೆಲವು ರೋಗಗಳಾದರೋ ಪರರ ವೇಷವನ್ನು ತೊಟ್ಟುಕೊಂಡು ಬಂದು, ಕಲಿತ ವೈದ್ಯರನ್ನೂ ಮೋಸಗೊಳಿಸುತ್ತವೆ. ಆಫ್ರಿಕ ಖಂಡದ ಮಕ್ಕಳಲ್ಲಿ ಇಂಥಾ ಒಂದು ರೋಗವು ಬಹುಕಾಲದಿಂದ ಇತ್ತು. ಅದು ಒಂದು ಮಗುವಿನಲ್ಲಿ ಹಲ್ಲಿನ ಬುಡದ ಕೀವಿನಂತೆಯೂ, ಇನ್ನೊಂದರಲ್ಲಿ ಮೂತ್ರಪಿಂಡದ ಗೆಡ್ಡೆಯಂತೆಯೂ, ಮತ್ತೊಂದರಲ್ಲಿ ಕಣ್ಣಿನ ರೋಗದಂತೆಯೂ ತೋರಿಬಂದು, ಕೆಲವೇ ವಾರಗಳಲ್ಲಿ ಮಕ್ಕಳನ್ನು ಸಮಾಧಿಗೆ ಸೇರಿಸುತ್ತಿತ್ತು. ಹತ್ತು ಹೆಸರುಗಳಿಂದ ಕರೆಯಲ್ಪಟ್ಟ ಆ ರೋಗವು ನಿಜವಾಗಿ ಒಂದೇ ಎಂಬದನ್ನು ಕಂಡುಹಿಡಿದವರು ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು. ಅವರಿಗೆ ಇದ್ದದ್ದು ಒಂದೇ ಕಣ್ಣು. ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

1. ಬಾಲ್ಯವೂ ವಿದ್ಯಾಭ್ಯಾಸವೂ

ಡೆನಿಸ್ ಪಾರ್ಸನ್ಸ್ ಬರ್ಕಿಟರು 1911ನೇ ಇಸವಿ ಫೆಬ್ರವರಿ 28ನೇ ತಾರೀಖಿನಲ್ಲಿ ಐರ್ಲೆಂಡ್ ದೇಶದ ಎನ್ನಿಸ್ಕಿಲ್ಲೆನ್ ಎಂಬ ಊರಲ್ಲಿ ಹುಟ್ಟಿದರು. ಅವರ ತಂದೆಯಾದ ಜೇಮ್ಸ್ ಬರ್ಕಿಟರು ಆ ಜಿಲ್ಲೆಯ ರಸ್ತೆ ಸೇತುವೆಗಳ ಇಂಜಿನಿಯರರಾಗಿದ್ದರು. ಅವರಿಗೆ ಪಕ್ಷಿಗಳ ಮೇಲೆ ಬಹಳ ಪ್ರೀತಿ. ತಮ್ಮ ತೋಟಕ್ಕೆ ಬರುತ್ತಿದ್ದ ರಾಬಿನ್ ಎಂಬ ಚಿಕ್ಕ ಹಕ್ಕಿಗಳ ಕಾಲಿಗೆ ಉಂಗುರಗಳನ್ನು ತೊಡಿಸಿ, ಯಾವ ಹಕ್ಕಿ ಯಾವ ಗಡಿಯೊಳಗೆ ವಾಸಿಸುತ್ತದೆಂದು ನಕ್ಷೆಯಲ್ಲಿ ಗುರುತುಹಾಕಿ, ಪಕ್ಷಿಶಾಸ್ತ್ರಜ್ಞರಲ್ಲಿ ಹೆಸರುಪಡೆದರು. ಯಾವುದು ಎಲ್ಲಿದೆ, ಎಲ್ಲಿ ಇಲ್ಲ ಎಂದು ತಾಳ್ಮೆಯಿಂದ ನಕ್ಷೆ ಬರೆಯುವ ಈ ಅಭ್ಯಾಸವು ತಂದೆಯಿಂದ ಮಗನಿಗೆ ಬಂದು, ಮುಂದೆ ಬೇರೊಂದು ಖಂಡದಲ್ಲಿ ಫಲಕೊಟ್ಟಿತು.

ಡೆನಿಸನು 11 ವರುಷದ ಬಾಲಕನಾಗಿದ್ದಾಗ, ಹುಡುಗರು ಕಲ್ಲೆಸೆದಾಡುತ್ತಿರುವಾಗ ಒಂದು ಕಲ್ಲು ಅವನ ಕನ್ನಡಕಕ್ಕೆ ತಗಲಿ, ಬಲಗಣ್ಣು ನಷ್ಟವಾಯಿತು. ಉಳಿದ ಒಂದು ಕಣ್ಣಿನಿಂದಲೇ ಅವನು ಓದನ್ನು ಮುಂದುವರಿಸಿದನು. 1929ರಲ್ಲಿ ತಂದೆಯ ಹಾಗೆ ಇಂಜಿನಿಯರನಾಗಬೇಕೆಂದು ಡಬ್ಲಿನ್ ಪಟ್ಟಣದ ಟ್ರಿನಿಟಿ ಕಾಲೇಜನ್ನು ಸೇರಿದನು. ಅಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಕೊಠಡಿಯಲ್ಲಿ ಕೂಡಿ ವೇದವನ್ನೋದಿ ಪ್ರಾರ್ಥನೆಮಾಡುವ ವಾಡಿಕೆಯಿತ್ತು. ಆ ಕೂಟದಲ್ಲಿ ಅವನ ವಿಶ್ವಾಸವು ಹೆಸರಿಗೆ ಮಾತ್ರ ಇದ್ದದ್ದು ಜೀವವುಳ್ಳದ್ದಾಯಿತು. ದೇವರು ತನ್ನನ್ನು ವೈದ್ಯಸೇವೆಗೆ ಕರೆಯುತ್ತಾನೆಂಬ ನಿಶ್ಚಯವುಂಟಾಗಿ, ಇಂಜಿನಿಯರಿಂಗ್ ವಿದ್ಯೆಯನ್ನು ಬಿಟ್ಟು ವೈದ್ಯವಿದ್ಯೆಯನ್ನು ಹಿಡಿದು, 1935ರಲ್ಲಿ ವೈದ್ಯನಾದನು. 1938ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಶಸ್ತ್ರವೈದ್ಯರ ಉನ್ನತ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು.

ಆಫ್ರಿಕದಲ್ಲಿ ಸೇವೆಮಾಡಬೇಕೆಂಬ ಆಶೆಯಿಂದ ಬರ್ಕಿಟರು ಸರಕಾರದ ವೈದ್ಯಖಾತೆಗೆ ಅರ್ಜಿಹಾಕಿದರು. ಒಂದೇ ಕಣ್ಣುಳ್ಳವರು ತಕ್ಕವರಲ್ಲವೆಂದು ಅವರ ಅರ್ಜಿ ತಳ್ಳಲ್ಪಟ್ಟಿತು. ಆದಾಗ್ಯೂ ಯುದ್ಧಕಾಲದಲ್ಲಿ, 1941ರಲ್ಲಿ, ಸೈನ್ಯದ ವೈದ್ಯಪಡೆಯು ಅವರನ್ನು ತೆಗೆದುಕೊಂಡಿತು. ಆ ಕೆಲಸದ ನಿಮಿತ್ತ ಅವರು ಪೂರ್ವ ಆಫ್ರಿಕವನ್ನು ಕಂಡರು. 1943ರಲ್ಲಿ ಆಲಿವ್ ರಾಜರ್ಸ್ ಎಂಬ ನರ್ಸಮ್ಮನವರನ್ನು ಮದುವೆಯಾದರು. ಯುದ್ಧವು ಮುಗಿದ ಮೇಲೆ 1946ರಲ್ಲಿ ಉಗಾಂಡ ದೇಶದ ಸರಕಾರಿ ಸೇವೆಯಲ್ಲಿ ಅವರಿಗೆ ಸ್ಥಳವು ದೊರಕಿತು. ಮುಚ್ಚಿದ್ದ ಬಾಗಿಲು ಹೀಗೆ ಬೇರೆ ಕಡೆಯಿಂದ ತೆರೆಯಿತು.

2. ಉಗಾಂಡದಲ್ಲಿ

ಮೊದಲು ಅವರು ಉತ್ತರದ ಲಾಂಗೊ ಸೀಮೆಯ ಲೀರಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಮಾಡಿದರು. ಅಲ್ಲಿ ವೃಷಣದಲ್ಲಿ ನೀರು ತುಂಬುವ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿರುವಾಗ, ಆ ರೋಗಿಗಳು ಸೀಮೆಯ ಪೂರ್ವಭಾಗದಿಂದಲೇ ಹೆಚ್ಚಾಗಿ ಬರುತ್ತಾರೆ, ಪಶ್ಚಿಮದಿಂದ ಬರುವವರು ಕಡಿಮೆ ಎಂಬದು ಅವರ ಗಮನಕ್ಕೆ ಬಂತು. ಆನೆಕಾಲು ರೋಗವನ್ನು ಹುಟ್ಟಿಸುವ ಜಾತಿಯ ಹುಳವೇ ಇದಕ್ಕೂ ಕಾರಣ. ಅದು ಸೊಳ್ಳೆಗಳಿಂದ ಹರಡುತ್ತದೆ. ಒಂದು ರೋಗದ ಗಡಿಯನ್ನು ಹುಡುಕಿದರೆ ಅದರ ಮೂಲಕ್ಕೆ ದಾರಿ ಸಿಕ್ಕುವದೆಂಬ ಪಾಠವನ್ನು ಅವರು ಇಲ್ಲಿ ಕಲಿತರು. 1948ರಲ್ಲಿ ರಾಜಧಾನಿಯಾದ ಕಂಪಾಲದ ಮುಲಾಗೊ ಆಸ್ಪತ್ರೆಗೆ ಬಂದರು.

1957ರಲ್ಲಿ ಒಂದು ದಿನ ಮಕ್ಕಳ ವಿಭಾಗದ ವೈದ್ಯರಾದ ಹ್ಯೂ ಟ್ರೊವೆಲರು ಒಬ್ಬ ಬಾಲಕನನ್ನು ನೋಡಲು ಬರ್ಕಿಟರನ್ನು ಕರೆದರು. ಐದು ವರುಷದ ಆ ಮಗುವಿನ ಮುಖವು ಗುರುತುಸಿಕ್ಕದಷ್ಟು ವಿಕಾರವಾಗಿತ್ತು. ಮೇಲಣ ದವಡೆಯ ಎಡಬಲಗಳೂ ಕೆಳಗಣ ದವಡೆಯ ಎಡಬಲಗಳೂ, ಹೀಗೆ ನಾಲ್ಕು ಕಡೆಗಳೂ ಊದಿಕೊಂಡು, ಹಲ್ಲುಗಳು ಸಡಿಲವಾಗಿದ್ದವು. ಬರ್ಕಿಟರು ಯೋಚಿಸಿದರು. ಕೀವಿನ ಬಾವಾಗಿದ್ದರೆ ಒಂದು ಹಲ್ಲಿನ ಬುಡದಿಂದ ಎದ್ದು ಒಂದು ಪಕ್ಕದಲ್ಲಿ ನಿಲ್ಲಬೇಕು. ದವಡೆಯ ದುರ್ಮಾಂಸವಾಗಿದ್ದರೆ ಒಂದು ಸ್ಥಳದಲ್ಲಿ ಹುಟ್ಟಿ ಅಲ್ಲಿಂದ ಹಬ್ಬಬೇಕು. ನಾಲ್ಕು ಮೂಲೆಗಳಲ್ಲಿ ಒಮ್ಮೆಗೇ ಏಳುವದು ಇವೆರಡರಲ್ಲಿ ಯಾವುದರ ಲಕ್ಷಣವೂ ಅಲ್ಲ. ಮಗುವಿನ ಚಿತ್ರವನ್ನು ತೆಗೆದಿಟ್ಟರು. ಸಹಾಯಮಾಡುವ ದಾರಿ ಮಾತ್ರ ತಿಳಿಯಲಿಲ್ಲ.

ಕೆಲವು ವಾರಗಳ ಮೇಲೆ ಅವರು ಸುಮಾರು 50 ಮೈಲು ದೂರದ ಜಿಂಜಾ ಎಂಬ ಊರಿನ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ರೋಗಿಗಳನ್ನು ನೋಡಿ ಮುಗಿಸುತ್ತಿರುವಾಗ ಕಿಟಕಿಯ ಹೊರಗೆ ದೃಷ್ಟಿ ಬಿತ್ತು. ಹುಲ್ಲಿನ ಮೇಲೆ ತಾಯಿಯೊಬ್ಬಳು ಕೂತಿದ್ದಳು. ಆಕೆಯ ಮಗುವಿನ ಮುಖವು ಮುಲಾಗೊ ಆಸ್ಪತ್ರೆಯ ಬಾಲಕನ ಮುಖದಂತೆಯೇ ಊದಿತ್ತು. ಬರ್ಕಿಟರು ಹೊರಗೆ ಹೋಗಿ ಪರೀಕ್ಷಿಸಿದರು. ದವಡೆಯ ನಾಲ್ಕು ಕಡೆಗಳೂ ಹಾಗೆಯೇ ಇದ್ದವು. ಈ ಸಲ ಅವರು ಮುಖವನ್ನು ನೋಡಿ ಬಿಡದೆ ಹೊಟ್ಟೆಯನ್ನೂ ಮುಟ್ಟಿನೋಡಿದರು. ಅಲ್ಲಿಯೂ ಗೆಡ್ಡೆಗಳು ಕೈಗೆ ಸಿಕ್ಕಿದವು. ಒಮ್ಮೆ ಕಂಡದ್ದನ್ನು ವಿಚಿತ್ರವೆಂದು ಬಿಡಬಹುದು. ಎರಡು ಸಾರಿ ಕಂಡದ್ದನ್ನು ವಿಚಾರಿಸಲೇಬೇಕೆಂದು ಅವರ ಮನಸ್ಸಿಗೆ ತೋಚಿತು.

3. ಹತ್ತು ಹೆಸರುಗಳ ಒಂದು ರೋಗ

ಅವರು ಕಂಪಾಲಕ್ಕೆ ಹಿಂತಿರುಗಿ, ದುರ್ಮಾಂಸದಿಂದ ಸತ್ತ ಮಕ್ಕಳ ಹಳೇ ದಾಖಲೆಗಳನ್ನು ತೆಗೆಸಿ ಓದಿದರು. ಆಗ ಆಶ್ಚರ್ಯವಾದ ಸಂಗತಿಯೊಂದು ಬೆಳಕಿಗೆ ಬಂತು. ದವಡೆ ಊದಿದ ಮಕ್ಕಳನ್ನು ಹಲ್ಲಿನ ವೈದ್ಯರು ನೋಡಿ, ಅದನ್ನು ದವಡೆಯ ರೋಗವೆಂದು ಬರೆದಿದ್ದರು. ಹೊಟ್ಟೆ ಊದಿದ ಮಕ್ಕಳಲ್ಲಿ ಅದು ಮೂತ್ರಪಿಂಡದ ಗೆಡ್ಡೆಯೆಂದೂ, ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗೆಡ್ಡೆಯೆಂದೂ ಎಣಿಸಲ್ಪಟ್ಟಿತ್ತು. ಕಣ್ಣುಗುಡ್ಡೆ ಮುಂದಕ್ಕೆ ಚಾಚಿದ್ದರೆ ಕಣ್ಣಿನ ದುರ್ಮಾಂಸವೆಂದೂ, ಬೆನ್ನುಹುರಿ ಒತ್ತಲ್ಪಟ್ಟು ಕಾಲುಗಳು ಸ್ವಾಧೀನತಪ್ಪಿದ್ದರೆ ಬೆನ್ನಿನ ರೋಗವೆಂದೂ ತೀರ್ಮಾನವಾಗಿತ್ತು. ಒಬ್ಬೊಬ್ಬ ವೈದ್ಯನು ತನ್ನ ಮುಂದಿದ್ದ ಒಂದೊಂದು ಅವಯವವನ್ನು ನೋಡಿದ್ದನು. ಆದರೆ ಮಗುವನ್ನು ತಲೆಯಿಂದ ಕಾಲಿನ ವರೆಗೂ ನೋಡಿದಲ್ಲಿ, ದವಡೆಯ ರೋಗವಿದ್ದ ಮಕ್ಕಳ ಹೊಟ್ಟೆಯಲ್ಲಿಯೂ ಗೆಡ್ಡೆಗಳಿದ್ದವು. ಒಂದು ಕಡೆ ಕಂಡದ್ದು ಮತ್ತೊಂದು ಕಡೆಯಲ್ಲಿಯೂ ಕಾಣುತ್ತಿತ್ತು. ಇವೆಲ್ಲವೂ ಒಂದೇ ರೋಗದ ಬೇರೆಬೇರೆ ಮುಖಗಳೆಂದು ಬರ್ಕಿಟರು ತಿಳುಕೊಂಡರು. 38 ಮಕ್ಕಳ ವಿವರವನ್ನು ಸಂಗ್ರಹಿಸಿ 1958ರಲ್ಲಿ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಅದನ್ನು ಗಮನಿಸಿದವರು ಕೊಂಚವೇ ಮಂದಿ.

ಹೊರಗಿನ ಲಕ್ಷಣಗಳಿಂದ ಊಹಿಸಿದ್ದನ್ನು ಸೂಕ್ಷ್ಮದರ್ಶಕ ಯಂತ್ರವು ಸ್ಥಿರಪಡಿಸಬೇಕಾಗಿತ್ತು. ಮುಲಾಗೊ ಆಸ್ಪತ್ರೆಯ ರೋಗಪರೀಕ್ಷಕರಾದ ಜ್ಯಾಕ್ ಡೇವೀಸರೂ ಅಮೆರಿಕದಿಂದ ಬಂದಿದ್ದ ಗ್ರೆಗರಿ ಓಕಾನರರೂ ಮಕ್ಕಳ ಗೆಡ್ಡೆಗಳ ಚೂರುಗಳನ್ನು ಪುನಃ ಪರೀಕ್ಷಿಸಿದಾಗ, ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ಜಾತಿಯವೆಂದು ಕಂಡುಬಂತು. ಅದು ಲಿಂಫೋಮ ಎಂಬ ಜಾತಿ. ನಮ್ಮ ಶರೀರದಲ್ಲಿ ರೋಗಗಳೊಡನೆ ಹೋರಾಡುವದಕ್ಕಾಗಿ ಲಿಂಫ್ ಕಣಗಳೆಂಬ ಬಿಳಿಯ ಕಣಗಳುಂಟು. ಊರ ಕಾವಲುಗಾರರ ಹಾಗೆ ಅವು ಎಲ್ಲಾ ಕಡೆಗಳಲ್ಲಿಯೂ ಸಂಚರಿಸುತ್ತವೆ. ಆದಕಾರಣ ಅವು ಕೆಟ್ಟು ದುರ್ಮಾಂಸವಾದರೆ, ಗೆಡ್ಡೆಯು ದವಡೆ, ಹೊಟ್ಟೆ, ಕಣ್ಣು, ಕಂಠದ ಗ್ರಂಥಿ ಎಂಬ ಭೇದವಿಲ್ಲದೆ ಎಲ್ಲಿ ಬೇಕಾದರೂ ಏಳಬಹುದು. ಎದ್ದ ಸ್ಥಳದ ರೋಗದಂತೆಯೇ ಕಾಣಬಹುದು. ಇದರ ಕಣಗಳು ಒಂದೆರಡು ದಿವಸಗಳಲ್ಲಿಯೇ ಇಮ್ಮಡಿಯಾಗುವಷ್ಟು ಬೇಗನೆ ಹೆಚ್ಚುತ್ತವೆ. ಸೂಕ್ಷ್ಮದರ್ಶಕದಲ್ಲಿ ಒತ್ತಾಗಿ ತುಂಬಿದ ಕಪ್ಪುಕಣಗಳ ನಡುವೆ, ಸತ್ತ ಕಣಗಳನ್ನು ತಿನ್ನುವ ಬೆಳ್ಳಗಿನ ದೊಡ್ಡ ಕಣಗಳು ಅಲ್ಲಲ್ಲಿ ಕಾಣುವದರಿಂದ, ಈ ನೋಟಕ್ಕೆ ನಕ್ಷತ್ರತುಂಬಿದ ಆಕಾಶವೆಂದು ವೈದ್ಯರು ಹೆಸರಿಟ್ಟಿದ್ದಾರೆ. ಮುಂದೆ ಈ ರೋಗಕ್ಕೆ ಬರ್ಕಿಟ್ ಲಿಂಫೋಮ ಎಂಬ ಹೆಸರೇ ನಿಂತಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕಂಪಾಲದ ಮೆಂಗೊ ಎಂಬಲ್ಲಿ ಚರ್ಚ್ ಮಿಶನರಿ ಸೊಸೈಟಿಯವರ ಆಸ್ಪತ್ರೆಯನ್ನು 1897ರಲ್ಲಿ ಸ್ಥಾಪಿಸಿದ ಆಲ್ಬರ್ಟ್ ಕುಕ್ ಎಂಬ ಮಿಶನರಿ ವೈದ್ಯರು ತಮ್ಮ ರೋಗಿಗಳ ವೃತ್ತಾಂತವನ್ನು ಸ್ವಹಸ್ತದಿಂದ ಬರೆದು, ಬಾವುಗಳ ಚಿತ್ರಗಳನ್ನೂ ಎಳೆದಿಟ್ಟಿದ್ದರು. ಆ ಹಳೇ ಪುಸ್ತಕಗಳನ್ನು ತೆರೆದು ನೋಡಿದಾಗ, ದವಡೆ ಊದಿದ ಇಂಥಾ ಮಕ್ಕಳು ಅವುಗಳಲ್ಲಿಯೂ ಇದ್ದರು. ರೋಗವು ಹೊಸದಲ್ಲವೆಂಬದು ಇದರಿಂದ ರುಜುವಾಯಿತು. ಅರ್ಥ ತಿಳಿಯದಿದ್ದರೂ ಕಂಡದ್ದನ್ನು ಕಂಡ ಹಾಗೆ ನಂಬಿಗಸ್ತಿಕೆಯಿಂದ ಬರೆದಿಟ್ಟ ಆ ವೈದ್ಯರ ಶ್ರಮವು ಅರ್ಧ ಶತಮಾನದ ಮೇಲೆ ಮತ್ತೊಬ್ಬರಿಗೆ ಸಾಕ್ಷಿಯಾಯಿತು.

4. ಹತ್ತು ಸಾವಿರ ಮೈಲುಗಳ ಪ್ರಯಾಣ

ಈ ರೋಗವು ಆಫ್ರಿಕದಲ್ಲಿ ಎಲ್ಲೆಲ್ಲಿದೆ ಎಂದು ತಿಳಿಯಲು ಬರ್ಕಿಟರು ಚಿತ್ರಸಹಿತವಾದ ಕಾಗದಗಳನ್ನು ಅಚ್ಚುಹಾಕಿಸಿ, ಸಾವಿರಕ್ಕಿಂತ ಹೆಚ್ಚು ಪ್ರತಿಗಳನ್ನು ಆಫ್ರಿಕದ ಆಸ್ಪತ್ರೆಗಳಿಗೂ ವೈದ್ಯರಿಗೂ ಕಳುಹಿಸಿದರು. ಉತ್ತರಬಂದ ಹಾಗೆಲ್ಲಾ ಗೋಡೆಯ ನಕ್ಷೆಯಲ್ಲಿ ಗುರುತುಹಾಕಿದರು. ಭೂಮಧ್ಯರೇಖೆಯ ಎರಡೂ ಕಡೆಗಳಲ್ಲಿ ಖಂಡಕ್ಕೆ ಅಡ್ಡಲಾಗಿ ಒಂದು ಪಟ್ಟಿಯು ಕಾಣಿಸಿಕೊಂಡು, ಅದರ ಬಾಲವು ಪೂರ್ವದ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದಿತ್ತು. ಆ ಪಟ್ಟಿಯು ದಕ್ಷಿಣದಲ್ಲಿ ಎಲ್ಲಿ, ಯಾಕೆ ನಿಲ್ಲುತ್ತದೆಂದು ಕಣ್ಣಾರೆ ನೋಡಬೇಕೆಂದು ಅವರು ನಿಶ್ಚಯಿಸಿದರು.

1961ನೇ ಅಕ್ಟೋಬರ್ ತಿಂಗಳಲ್ಲಿ ಮೂವರು ಕಂಪಾಲದಿಂದ ಹೊರಟರು. ಬರ್ಕಿಟರ ಸಂಗಡ ಹೋದವರು, ಉಗಾಂಡದ ಕುಲುವಾ ಎಂಬಲ್ಲಿನ ಮಿಶನ್ ಆಸ್ಪತ್ರೆಯ ಎಡ್ವರ್ಡ್ ವಿಲಿಯಮ್ಸರೂ ಕ್ಲಿಫರ್ಡ್ ನೆಲ್ಸನ್ ಎಂಬ ವೈದ್ಯರೂ. ಅವರ ಗಾಡಿಯು 1954ರಲ್ಲಿ ತಯಾರಾಗಿ, 250 ಪೌಂಡಿಗೆ ಕೊಂಡ ಹಳೇ ಫೋರ್ಡ್ ಮೋಟರು. ವಿಲಿಯಮ್ಸರಿಗೆ ಯಂತ್ರಗಳ ಕೆಲಸವೂ ಗೊತ್ತಿತ್ತಾದ್ದರಿಂದ ದಾರಿಯಲ್ಲಿ ಅದು ಕೆಟ್ಟರೂ ಭಯವಿರಲಿಲ್ಲ. ಹತ್ತು ವಾರಗಳಲ್ಲಿ ಸುಮಾರು 10,000 ಮೈಲು ತಿರುಗಿ, ಈಗ ಟಾಂಜಾನಿಯ, ಮಲಾವಿ, ಜಿಂಬಾಬ್ವೆ, ಮೊಜಾಂಬಿಕ್ ಎಂದು ಕರೆಯಲ್ಪಡುವ ದೇಶಗಳನ್ನು ದಾಟಿ ದಕ್ಷಿಣ ಆಫ್ರಿಕದ ವರೆಗೆ ಹೋಗಿಬಂದರು. ದಾರಿಯಲ್ಲಿ ಸುಮಾರು 60 ಆಸ್ಪತ್ರೆಗಳನ್ನು ಕಂಡರು. ಅವುಗಳಲ್ಲಿ ಮಿಶನ್ ಆಸ್ಪತ್ರೆಗಳು ಅನೇಕ. ಪ್ರತಿಯೊಂದು ಸ್ಥಳದಲ್ಲಿ ಚಿತ್ರಗಳನ್ನು ತೋರಿಸಿ, ಇಂಥಾ ಮಕ್ಕಳನ್ನು ಕಂಡದ್ದುಂಟೋ ಎಂದು ವಿಚಾರಿಸಿ ಬರೆದುಕೊಂಡರು.

ಈ ಪ್ರಯಾಣದಿಂದ ತಿಳಿದದ್ದೇನಂದರೆ, ಭೂಮಧ್ಯರೇಖೆಯ ಹತ್ತಿರ ಸಮುದ್ರಮಟ್ಟಕ್ಕಿಂತ ಸುಮಾರು 5,000 ಅಡಿ ಎತ್ತರವಾದ ನಾಡುಗಳಲ್ಲಿ ಈ ರೋಗವಿಲ್ಲ. ದಕ್ಷಿಣಕ್ಕೆ ಹೋದಷ್ಟೂ ಆ ಎತ್ತರದ ಗೆರೆಯು ತಗ್ಗುತ್ತಾ ಬರುತ್ತದೆ. ಎಂಟೆಬೆ ಎಂಬ ಊರಿನ ವೈರಸ್ ಸಂಶೋಧನಾಲಯದ ಅಧ್ಯಕ್ಷರಾಗಿದ್ದ ಅಲೆಕ್ಸಾಂಡರ್ ಹ್ಯಾಡೊ ಎಂಬವರು, ಈ ಗೆರೆಗೆ ಕಾರಣವು ಎತ್ತರವಲ್ಲ, ಚಳಿಯೇ ಎಂದು ತೋರಿಸಿಕೊಟ್ಟರು. ಶೀತವು ಹೆಚ್ಚಾದ ಕಡೆಯಲ್ಲಿಯೂ ಮಳೆ ಬಹಳ ಕಡಿಮೆಯಾದ ಕಡೆಯಲ್ಲಿಯೂ ರೋಗವು ನಿಲ್ಲುತ್ತಿತ್ತು. ಬೆಚ್ಚಗಿನ ತೇವದ ನಾಡನ್ನು ಆರಿಸಿಕೊಳ್ಳುವದು ಸೊಳ್ಳೆ. ಆದಕಾರಣ ಸೊಳ್ಳೆಗಳು ಯಾವುದೋ ಒಂದು ವೈರಸನ್ನು ಹೊತ್ತು ತಂದು ಈ ದುರ್ಮಾಂಸವನ್ನು ಹುಟ್ಟಿಸುತ್ತವೆಂದು ಬರ್ಕಿಟರು ಊಹಿಸಿದರು.

ಈ ಊಹೆಯಲ್ಲಿ ಸತ್ಯವೂ ಇತ್ತು, ತಪ್ಪೂ ಇತ್ತು. ಈ ಪ್ರಯಾಣಕ್ಕೆ ಮುಂಚೆ, 1961ನೇ ಮಾರ್ಚ್ 22ರಲ್ಲಿ, ಅವರು ಲಂಡನ್ ಪಟ್ಟಣದ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಈ ರೋಗದ ವಿಷಯವಾಗಿ ಉಪನ್ಯಾಸಮಾಡಿದ್ದರು. ಅದನ್ನು ಕೇಳಿದ ಆಂಟನಿ ಎಪ್ಸ್ಟೀನ್ ಎಂಬ ಯುವ ಪಂಡಿತರು, ಗೆಡ್ಡೆಯ ಚೂರುಗಳನ್ನು ತಮಗೆ ಕಳುಹಿಸಬೇಕೆಂದು ಬೇಡಿಕೊಂಡರು. ಕಂಪಾಲದಿಂದ ವಿಮಾನದಲ್ಲಿ ಬಂದ ಚೂರುಗಳಲ್ಲಿ ಬಹುಕಾಲ ಏನೂ ಸಿಕ್ಕಲಿಲ್ಲ. 1963ನೇ ಡಿಸೆಂಬರ್ ತಿಂಗಳಲ್ಲಿ ಮಂಜಿನ ದೆಸೆಯಿಂದ ವಿಮಾನವು ಲಂಡನಿಗೆ ಬಾರದೆ ಮ್ಯಾಂಚೆಸ್ಟರಿನಲ್ಲಿ ಇಳಿದು, ಒಂದು ಚೂರು ತಡವಾಗಿ ತಲಪಿತು. ಅದರ ದ್ರವವು ಕದಡಿತ್ತು. ಕ್ರಿಮಿಗಳು ಸೇರಿ ಕೆಟ್ಟಿತೆಂದು ಚೆಲ್ಲಿಬಿಡಬಹುದಾಗಿತ್ತು. ಎಪ್ಸ್ಟೀನರು ಚೆಲ್ಲದೆ ಪರೀಕ್ಷಿಸಿದಾಗ, ಕದಡಿದಂತೆ ಕಂಡದ್ದು ಗೆಡ್ಡೆಯಿಂದ ಬಿಡಿಸಿಕೊಂಡು ತೇಲುತ್ತಿದ್ದ ಜೀವಕಣಗಳೇ ಆಗಿದ್ದವು. ಆ ಕಣಗಳನ್ನು ಬೆಳೆಸಿ, ಬರ್ಟ್ ಆಚಾಂಗ್ ಮತ್ತು ಇವಾನ್ ಬಾರ್ ಎಂಬವರ ಸಂಗಡ 1964ರಲ್ಲಿ ಅವರು ಹೊಸ ವೈರಸೊಂದನ್ನು ಕಂಡುಹಿಡಿದರು. ಎಪ್ಸ್ಟೀನ್-ಬಾರ್ ವೈರಸ್ ಎಂಬ ಇದೇ, ಮನುಷ್ಯರ ದುರ್ಮಾಂಸದಲ್ಲಿ ಸಿಕ್ಕಿದ ಮೊದಲನೆಯ ವೈರಸು.

ಆದರೆ ಇದು ಸೊಳ್ಳೆಯಿಂದ ಹರಡುವಂಥದ್ದಲ್ಲ, ಉಗುಳಿನಿಂದ ಹರಡುವಂಥದ್ದು. ಲೋಕದ ಜನರಲ್ಲಿ ಹೆಚ್ಚಿನವರೊಳಗೆ ಅದಿದ್ದು, ಅವರಲ್ಲಿ ಬಹುಮಂದಿಗೆ ಕೇಡುಮಾಡದೆ ಅಡಗಿರುತ್ತದೆ. ಹಾಗಾದರೆ ಸೊಳ್ಳೆಯ ನಾಡಿಗೂ ಈ ರೋಗಕ್ಕೂ ಸಂಬಂಧವೇನು? ಸೊಳ್ಳೆಯು ತರುವದು ಮಲೇರಿಯ ಜ್ವರ. ವರುಷವೆಲ್ಲಾ ಮಲೇರಿಯದಿಂದ ಬಾಧೆಪಡುವ ಎಳೇ ಮಕ್ಕಳಲ್ಲಿ ಲಿಂಫ್ ಕಣಗಳು ಎಡೆಬಿಡದೆ ಹೆಚ್ಚುತ್ತಾ, ವೈರಸನ್ನು ಅಡಗಿಸಿಡುವ ಶಕ್ತಿಯು ಕುಂದಿಹೋಗುತ್ತದೆ. ಆಗ ಎಲ್ಲಿಯೋ ಒಂದು ಕಣವು ಕೆಟ್ಟು ದುರ್ಮಾಂಸವಾಗುತ್ತದೆ. ಮಲೇರಿಯವನ್ನು ಹತೋಟಿಗೆ ತಂದ ಜಾಂಜಿಬಾರ್ ದ್ವೀಪದಲ್ಲಿ ಈ ರೋಗವು ವಿರಳವಾಗಿದ್ದದ್ದೂ, ಬಹುದೂರದ ಪಾಪುವಾ ನ್ಯೂಗಿನಿಯ ಮಲೇರಿಯ ನಾಡಿನಲ್ಲಿ ಇದು ಕಂಡುಬಂದದ್ದೂ ಇದಕ್ಕೆ ಸಾಕ್ಷಿ. ಬರ್ಕಿಟರ ನಕ್ಷೆ ಸುಳ್ಳಾಗಲಿಲ್ಲ. ಅದರ ಅರ್ಥವನ್ನು ಮಾತ್ರ ಇತರರು ತಿದ್ದಿದರು.

5. ನಿಜವಾದ ಹೆಸರಿನ ಫಲ

ರೋಗದ ಹೆಸರನ್ನು ಸರಿಪಡಿಸಿದ್ದರಿಂದ ತಾಯಂದಿರಿಗೆ ಆದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ದವಡೆಯ ರೋಗವೆಂದು ಎಣಿಸಿದಷ್ಟು ಕಾಲವೂ ವೈದ್ಯರ ಕೈಯಲ್ಲಿದ್ದದ್ದು ಕತ್ತಿಯೊಂದೇ. ದವಡೆಯನ್ನು ಕೊಯ್ದು ಮುಖವನ್ನು ವಿಕಾರಮಾಡಿದರೂ, ಹೊಟ್ಟೆಯಲ್ಲಿ ಅಡಗಿದ್ದ ಗೆಡ್ಡೆಯು ಮಗುವನ್ನು ಕೊಲ್ಲುತ್ತಿತ್ತು. ದುರ್ಮಾಂಸವನ್ನು ಕಿರಣಗಳಿಂದ ಸುಡುವ ಯಂತ್ರವು ಆಗ ಉಗಾಂಡದಲ್ಲಿರಲಿಲ್ಲ. ಇದು ಶರೀರವೆಲ್ಲಾ ಸಂಚರಿಸುವ ಕಣಗಳ ರೋಗವೆಂದು ತಿಳಿದ ಮೇಲೆ, ಶರೀರವೆಲ್ಲಾ ಸಂಚರಿಸುವ ಔಷಧವೇ ಇದಕ್ಕೆ ಬೇಕೆಂಬದು ಸ್ಪಷ್ಟವಾಯಿತು. 1960ನೇ ಇಸವಿಯ ಸುಮಾರಿನಲ್ಲಿ ನ್ಯೂಯಾರ್ಕಿನ ವೈದ್ಯರ ಸಹಾಯದಿಂದ ಮೆತೊಟ್ರೆಕ್ಸೇಟ್ ಎಂಬ ಔಷಧವೂ ಅನಂತರ ಸೈಕ್ಲೊಫಾಸ್ಫಮೈಡ್ ಮುಂತಾದವುಗಳೂ ಬರ್ಕಿಟರಿಗೆ ದೊರೆತವು. ಔಷಧವನ್ನು ಕೊಟ್ಟ ಕೆಲವು ದಿವಸಗಳಲ್ಲಿಯೇ ಗೆಡ್ಡೆಗಳು ಕರಗಿ, ಮಕ್ಕಳ ಮುಖಗಳು ಮೊದಲಿನಂತಾದವು. ಅನೇಕರಲ್ಲಿ ರೋಗವು ಮರಳಿಬಂತು; ಆದರೆ ಕೆಲವು ಮಕ್ಕಳು ಕೊಂಚ ಔಷಧದಿಂದಲೇ ಪೂರ್ಣ ಗುಣಹೊಂದಿ ಬಾಳಿದರು. ದುರ್ಮಾಂಸವು ಔಷಧದಿಂದಲೇ ವಾಸಿಯಾಗಬಹುದೆಂಬ ನಂಬಿಕೆಯು ಲೋಕದ ವೈದ್ಯರಲ್ಲಿ ಬಲಗೊಂಡದ್ದಕ್ಕೆ ಈ ಆಫ್ರಿಕದ ಮಕ್ಕಳೂ ಕಾರಣರು. 1967ರಲ್ಲಿ ಮುಲಾಗೊದಲ್ಲಿ ಉಗಾಂಡ ಕ್ಯಾನ್ಸರ್ ಸಂಸ್ಥೆಯು ಸ್ಥಾಪಿತವಾಗಿ ಆ ಕೆಲಸವನ್ನು ಮುಂದುವರಿಸಿತು.

ಬರ್ಕಿಟರು 1966ರಲ್ಲಿ ಉಗಾಂಡವನ್ನು ಬಿಟ್ಟು ಇಂಗ್ಲೆಂಡಿಗೆ ಹಿಂತಿರುಗಿದರು. ಅಲ್ಲಿಯೂ ನಕ್ಷೆಯ ಅಭ್ಯಾಸವನ್ನು ಬಿಡಲಿಲ್ಲ. ನೂರಕ್ಕಿಂತ ಹೆಚ್ಚು ಆಸ್ಪತ್ರೆಗಳಿಂದ ಲೆಕ್ಕಗಳನ್ನು ತರಿಸಿ, ತವುಡು ಸಿಪ್ಪೆ ತೆಗೆಯದ ಧಾನ್ಯವನ್ನೂ ಕಾಯಿಪಲ್ಯಗಳನ್ನೂ ತಿನ್ನುವ ಹಳ್ಳಿಯವರಲ್ಲಿ ಕರುಳಿನ ಕೆಲವು ರೋಗಗಳು ಕಡಿಮೆಯೆಂದು ತೋರಿಸಿ, ನಾರುಳ್ಳ ಆಹಾರದ ವಿಷಯವಾಗಿ ದೇಶದೇಶಗಳಲ್ಲಿ ಬೋಧಿಸಿದರು. ಈ ಕೆಲಸದಲ್ಲಿ ಹಳೇ ಸ್ನೇಹಿತರಾದ ಟ್ರೊವೆಲರೂ ಅವರೊಂದಿಗಿದ್ದರು. 1972ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಅಮೆರಿಕದ ಲಾಸ್ಕರ್ ಬಹುಮಾನವೂ ಅವರಿಗೆ ದೊರೆತವು. ಇಷ್ಟು ಮಾನವು ಬಂದರೂ, ತಾನು ಹೊಂದಿದ್ದೆಲ್ಲವೂ ದೇವರ ದಾನವೆಂದು ಎಣಿಸಿ, ದಿನದಿನದ ವೇದಪಾರಾಯಣವನ್ನೂ ಪ್ರಾರ್ಥನೆಯನ್ನೂ ಬಿಡಲಿಲ್ಲ. 1993ನೇ ಇಸವಿ ಮಾರ್ಚ್ 23ನೇ ತಾರೀಖಿನಲ್ಲಿ, 82ನೇ ವರುಷದಲ್ಲಿ, ಕರ್ತನಲ್ಲಿ ನಿದ್ರೆಹೋದರು.

ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಒಂದುಂಟು. ಬರ್ಕಿಟರ ಮುಂಚೆಯೂ ಆ ಮಕ್ಕಳನ್ನು ಅನೇಕರು ನೋಡಿದ್ದರು, ಅವರು ಬುದ್ಧಿಹೀನರಾಗಿರಲಿಲ್ಲ. ಆದರೆ ಊದಿದ ಭಾಗವನ್ನು ನೋಡಿ ಒಂದು ಹೆಸರು ಕೊಟ್ಟ ಮೇಲೆ, ಮಗುವಿನ ಉಳಿದ ಭಾಗವನ್ನು ನೋಡುವ ಅಗತ್ಯವು ಅವರಿಗೆ ತೋರಲಿಲ್ಲ. ಈ ರೋಗವು ಆಫ್ರಿಕದ ಹೊರಗೂ ಅಪರೂಪವಾಗಿ ಉಂಟು. ಅಲ್ಲಿ ಅದು ದವಡೆಗಿಂತ ಹೊಟ್ಟೆಯಲ್ಲಿಯೇ ಹೆಚ್ಚಾಗಿ ಏಳುತ್ತದೆ. ಬೇಗನೆ ಗುರುತಿಸಿ ಪೂರ್ಣ ಔಷಧವನ್ನು ಕೊಟ್ಟಲ್ಲಿ ಈ ಕಾಲದಲ್ಲಿ ಹೆಚ್ಚಿನ ಮಕ್ಕಳು ಬದುಕುತ್ತಾರೆ. ತಡವಾಗಿ ಬಂದವರು ಈಗಲೂ ಸಾಯುತ್ತಾರೆ. ಆದಕಾರಣ ಮಗುವಿನ ದವಡೆಯಲ್ಲಾಗಲಿ ಕತ್ತಿನಲ್ಲಾಗಲಿ ಹೊಟ್ಟೆಯಲ್ಲಾಗಲಿ ಎದ್ದ ಬಾವು ಔಷಧಕ್ಕೆ ಇಳಿಯದೆ ದಿನೇದಿನೇ ಬೆಳೆದರೆ, ಬೀಳುವ ಕಾಲಬಾರದ ಹಲ್ಲುಗಳು ಕಾರಣವಿಲ್ಲದೆ ಅಲುಗಾಡಿದರೆ, ಇದು ಹಲ್ಲುನೋವು, ಇದು ಜಂತುಹುಳ ಎಂದು ನಾವೇ ಹೆಸರಿಟ್ಟು ಮನೆಯಲ್ಲಿ ಇಟ್ಟುಕೊಳ್ಳಬಾರದು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಗುವನ್ನು ಪೂರ್ಣವಾಗಿ ಪರೀಕ್ಷಿಸಬೇಕೆಂದೂ, ಬೇಕಾದರೆ ಗೆಡ್ಡೆಯ ಚೂರನ್ನು ತೆಗೆದು ನೋಡಬೇಕೆಂದೂ ಕೇಳಿಕೊಳ್ಳಬೇಕು. ಈ ರೋಗದಲ್ಲಿ ಒಂದೊಂದು ವಾರವೂ ಬೆಲೆಯುಳ್ಳದ್ದು.